ನಂಜನಗೂಡು: ಕಪಿಲೆಯ ದಡದಲ್ಲಿ ವೈದ್ಯದೇವರ ಊರು

ಮೈಸೂರು ಸೀಮೆಯಲ್ಲಿ ನಂಜುಂಡಯ್ಯ, ನಂಜಪ್ಪ, ನಂಜಮ್ಮ, ನಂಜುಂಡಸ್ವಾಮಿ, ಶ್ರೀಕಂಠ ಇವರಲ್ಲಿ ಒಬ್ಬರಾದರೂ ಇಲ್ಲದ ಹಳ್ಳಿ ಸಿಗುವುದು ಕಷ್ಟ. ಮಕ್ಕಳಾಗಲಿಲ್ಲವೆಂದು ಹರಕೆ ಹೊತ್ತವರು, ಹುಟ್ಟಿದ ಮಗು ಉಳಿಯಲೆಂದು ಬೇಡಿಕೊಂಡವರು, ಕಣ್ಣುಬೇನೆಯಿಂದ ಪಾರಾದವರು ದೇವರ ಹೆಸರನ್ನೇ ಮನೆಯ ಹೆಸರು ಮಾಡಿಕೊಂಡರು. ಅರಮನೆಯೂ ಇದಕ್ಕೆ ಹೊರತಾಗಿರಲಿಲ್ಲ. 1953ರಲ್ಲಿ ಹುಟ್ಟಿದ ಜಯಚಾಮರಾಜ ಒಡೆಯರ ಮಗನಿಗೆ ಇಟ್ಟ ಹೆಸರು ಶ್ರೀಕಂಠದತ್ತ, ಅಂದರೆ ಶ್ರೀಕಂಠನು ಕೊಟ್ಟವನು. ಆ ಶ್ರೀಕಂಠನ ಊರೇ ನಂಜನಗೂಡು.

ಮೈಸೂರಿನಿಂದ ದಕ್ಷಿಣಕ್ಕೆ ಊಟಿ ರಸ್ತೆ ಹಿಡಿದರೆ ಸುಮಾರು 23 ಕಿ.ಮೀ. ಕಡಕೊಳ, ತಾಂಡವಪುರ ದಾಟಿ ಕಪಿಲೆಯ ಸೇತುವೆ ಹತ್ತಿದೊಡನೆ ಆಚೆ ದಡದಲ್ಲಿ ಗೋಪುರ ಕಾಣುತ್ತದೆ. ಭೂಪಟಗಳಲ್ಲಿ ಕಬಿನಿ ಎಂದು ಬರೆದಿರುವ ಹೊಳೆಗೆ ಈ ಭಾಗದವರ ಬಾಯಲ್ಲಿ ಕಪಿಲೆ ಎಂದೇ ಹೆಸರು. ಕೇರಳದ ವಯನಾಡಿನ ಮಳೆಕಾಡುಗಳಲ್ಲಿ ಹುಟ್ಟಿ, ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ನಿಂತು ಹೊರಟು, ನಂಜನಗೂಡಿನ ಪಕ್ಕದಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಗುಂಡ್ಲುಪೇಟೆಯ ಕಡೆಯಿಂದ ಬರುವ ಗುಂಡ್ಲು ಹೊಳೆ ನಂಜನಗೂಡಿನ ಬಳಿಯೇ ಕಪಿಲೆಗೆ ಕೂಡುತ್ತದೆ. ಪುರಾಣ ಅದನ್ನು ಕೌಂಡಿನ್ಯಾ ಎನ್ನುತ್ತದೆ. ತಾಲ್ಲೂಕು ಕೇಂದ್ರವಾದ ಊರಿನ ಜನಸಂಖ್ಯೆ 2011ರ ಜನಗಣತಿಯ ಹೊತ್ತಿಗೆ ಸುಮಾರು 50 ಸಾವಿರ. ಹುಣ್ಣಿಮೆಗಳಲ್ಲಿ, ಸೋಮವಾರಗಳಲ್ಲಿ, ಜಾತ್ರೆಯ ದಿನಗಳಲ್ಲಿ ಈ ಲೆಕ್ಕಕ್ಕೆ ಅರ್ಥವಿರುವುದಿಲ್ಲ.

ಊರಿನ ಹೆಸರಿನಲ್ಲೇ ವಿಷವಿದೆ. ನಂಜು ಎಂದರೆ ವಿಷ. ಕಡಲು ಕಡೆದಾಗ ಬಂದ ಹಾಲಾಹಲವನ್ನು ಉಂಡವನು ನಂಜುಂಡ. ಅವನ ಮನೆ ನಂಜನಗೂಡು. ಸಂಸ್ಕೃತ ಬಲ್ಲವರು ಇದನ್ನೇ ಗರಳಪುರಿ ಎಂದರು. ಲೋಕದ ವಿಷವನ್ನು ತಾನು ಉಂಡು ಅರಗಿಸಿಕೊಂಡವನಿಗೆ ನಮ್ಮ ಮೈಯ ನಂಜು ಯಾವ ಲೆಕ್ಕ ಎಂಬ ಜನರ ತರ್ಕ ಬಹಳ ಸರಳ, ಬಹಳ ಗಟ್ಟಿ. ಈ ದೇವರಿಗೆ ರಾಜವೈದ್ಯ ಎಂಬ ಬಿರುದು ಬಂದದ್ದು ಆ ತರ್ಕದಿಂದಲೇ.

ಲಿಂಗವನ್ನು ಗೌತಮ ಮುನಿಗಳು ಸ್ಥಾಪಿಸಿದರೆಂದು ಸ್ಥಳಪುರಾಣ ಹೇಳುತ್ತದೆ. ಅದಕ್ಕಿಂತ ಸ್ವಾರಸ್ಯದ ಕಥೆ ಪರಶುರಾಮನದು. ತಾಯಿಯ ತಲೆ ಕಡಿದ ಪಾಪವನ್ನು ಕಳೆದುಕೊಳ್ಳಲು ತಪಸ್ಸಿಗೆ ಜಾಗ ಹುಡುಕುತ್ತಾ ಅವನು ಎರಡು ಹೊಳೆಗಳ ಸಂಗಮಕ್ಕೆ ಬಂದ. ಗಿಡಗಂಟಿ ಸವರುವಾಗ ಪೊದೆಯೊಳಗಿದ್ದ ಲಿಂಗಕ್ಕೆ ಕೊಡಲಿಯ ಏಟು ಬಿತ್ತು, ರಕ್ತ ಚಿಮ್ಮಿತು. ಪರಶುರಾಮ ನಡುಗಿದ. ಶಿವ ಕೋಪಿಸಿಕೊಳ್ಳಲಿಲ್ಲ, ಅಲ್ಲೇ ಬಿದ್ದಿದ್ದ ಮಣ್ಣನ್ನು ಗಾಯಕ್ಕೆ ಮೆತ್ತೆಂದ. ರಕ್ತ ನಿಂತಿತು. ಈ ಊರಿನ ಮೊದಲ ರೋಗಿ ದೇವರೇ, ಮೊದಲ ಮದ್ದು ಇಲ್ಲಿನ ಮಣ್ಣೇ. ಸಂಗಮದ ಪರಶುರಾಮ ಕ್ಷೇತ್ರಕ್ಕೆ ಹೋಗದೆ ನಂಜನಗೂಡಿನ ಯಾತ್ರೆ ಪೂರ್ತಿಯಾಗದು ಎಂಬ ಮಾತು ಇಂದಿಗೂ ನಡೆದುಬಂದಿದೆ. ಅಲ್ಲಿನ ಮೃತ್ತಿಕೆಗೆ ರೋಗ ಕಳೆಯುವ ಶಕ್ತಿ ಇದೆಯೆಂದು ಜನ ನಂಬುತ್ತಾರೆ.

ನೀರು, ಮಣ್ಣು, ಹರಕೆ ಇವು ಮೂರೂ ಸೇರಿ ನಂಜನಗೂಡನ್ನು ಮೈಸೂರು ಸೀಮೆಯ ಆರೋಗ್ಯಧಾಮ ಮಾಡಿದವು. ಯುರೋಪಿನವರಿಗೆ ಇಂಥ ಊರುಗಳ ಪರಿಚಯ ಚೆನ್ನಾಗಿದೆ. ಬೆಲ್ಜಿಯಂನ ಸ್ಪಾ ಎಂಬ ಸಣ್ಣ ಊರಿನ ಹೆಸರೇ ಇಂದು ಎಲ್ಲ ಚಿಕಿತ್ಸಾ ಸ್ನಾನಗೃಹಗಳ ಹೆಸರಾಗಿದೆ. ಇಂಗ್ಲೆಂಡಿನ ಬಾತ್‌ನಲ್ಲಿ ರೋಮನ್ನರು ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ಊಟೆಯ ಸುತ್ತ ಕೊಳವನ್ನೂ ಗುಡಿಯನ್ನೂ ಒಟ್ಟಿಗೆ ಕಟ್ಟಿದ್ದರು. 2021ರಲ್ಲಿ ಯುನೆಸ್ಕೊ ಯುರೋಪಿನ ಇಂಥ 11 ಊರುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನಂಜನಗೂಡಿನಲ್ಲಿ ಬಿಸಿನೀರಿನ ಊಟೆ ಇಲ್ಲ. ಕರ್ನಾಟಕದಲ್ಲಿ ಅದನ್ನು ನೋಡಬೇಕೆಂದರೆ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರು ತೀರ್ಥಕ್ಕೆ ಹೋಗಬೇಕು. ಇಲ್ಲಿರುವುದು ಹರಿಯುವ ತಣ್ಣೀರು. ಬೆಳಗಿನ ಜಾವ ಸೋಪಾನದ ಮೇಲೆ ಮುಡಿ ಕೊಟ್ಟು, ಕಪಿಲೆಯಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಗುಡಿಯ ಸುತ್ತ ಉರುಳುಸೇವೆ ಮಾಡುವುದು ಇಲ್ಲಿನ ಚಿಕಿತ್ಸೆಯ ಕ್ರಮ. ಚೇತರಿಸಿಕೊಂಡ ಮೇಲೆ ತುಲಾಭಾರ. ಮನೆಯಲ್ಲಿದ್ದವರು ಸೋಮವಾರದ ಒಪ್ಪೊತ್ತು ಹಿಡಿಯುತ್ತಾರೆ. ಚರ್ಮದ ಕಾಯಿಲೆಗೆ, ಕಣ್ಣಿನ ದೋಷಕ್ಕೆ, ವಾಸಿಯಾಗದ ಹುಣ್ಣಿಗೆ ಮೊದಲು ನೆನಪಾಗುತ್ತಿದ್ದದ್ದು ನಂಜುಂಡನ ಹೆಸರು. ಆಸ್ಪತ್ರೆಗಳು ಬಂದಮೇಲೂ ಹರಕೆ ನಿಂತಿಲ್ಲ.

ಈ ನಂಬಿಕೆ ಒಂದು ಮತದ ಗೆರೆಯೊಳಗೆ ಉಳಿಯಲಿಲ್ಲ ಎಂಬುದಕ್ಕೆ ಇಲ್ಲಿನ ಅತ್ಯಂತ ಪ್ರಸಿದ್ಧ ಕಥೆಯೇ ಸಾಕ್ಷಿ. ಟಿಪ್ಪು ಸುಲ್ತಾನನ ಪಟ್ಟದ ಆನೆಗೆ ಕಣ್ಣು ಕಾಣದಾಯಿತು. ಆಸ್ಥಾನದ ಮದ್ದುಗಳು ಫಲಿಸಲಿಲ್ಲ. ನಂಜುಂಡನಿಗೆ ಹರಕೆ ಹೊರಿಸಿದ ಮೇಲೆ ಆನೆಗೆ ದೃಷ್ಟಿ ಮರಳಿತು. ಸುಲ್ತಾನ ಆ ದೇವರನ್ನು ಹಕೀಂ ನಂಜುಂಡ ಎಂದು ಕರೆದ. ಹಸಿರುಕಲ್ಲಿನ ಲಿಂಗವನ್ನೂ ಪಚ್ಚೆಯ ಹಾರವನ್ನೂ ಅರ್ಪಿಸಿದ. ಆನೆಯ ಪ್ರಸಂಗ ಪರಂಪರೆಯ ಮಾತು. ಲಿಂಗ ಮಾತ್ರ ಇಂದಿಗೂ ಗುಡಿಯಲ್ಲಿ ಪೂಜೆಗೊಳ್ಳುತ್ತಿದೆ, ಪಾದಶಾಹ ಲಿಂಗ ಎಂಬ ಹೆಸರಿನಲ್ಲಿ. ವೈದ್ಯನಿಗೆ ಫಾರಸಿ ಹೆಸರು ಕೊಟ್ಟರೂ ಕನ್ನಡದ ಹೆಸರು ಕೊಟ್ಟರೂ ನಂಜುಂಡ ನಂಜುಂಡನೇ ಎಂದು ಊರು ಅದನ್ನು ಅಷ್ಟೇ ಸಹಜವಾಗಿ ತನ್ನದಾಗಿಸಿಕೊಂಡಿದೆ.

ದೇವಸ್ಥಾನ ಒಂದೇ ಕಾಲದ ಕೆಲಸವಲ್ಲ. ಒಳಗಿನ ಗರ್ಭಗುಡಿ ಪುಟ್ಟದು, ತಲೆತಗ್ಗಿಸಿ ಹೋಗಬೇಕಾದಂಥದು. ಅದನ್ನು ಗಂಗರ ಕಾಲದ್ದೆಂದು ಹೇಳುವ ವಾಡಿಕೆ ಇದೆ. ಅದರ ಸುತ್ತ ಚೋಳರು, ಹೊಯ್ಸಳರು, ಕೊನೆಗೆ ಮೈಸೂರಿನ ದಳವಾಯಿಗಳೂ ಒಡೆಯರೂ ಪದರ ಪದರವಾಗಿ ಕಟ್ಟುತ್ತಾ ಹೋದರು. ಇಂದು ನಿಂತಿರುವ ಕಟ್ಟಡ 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳದು. 18ನೆಯ ಶತಮಾನದಲ್ಲಿ ಇದನ್ನು ಹಿಗ್ಗಿಸಿದವರಲ್ಲಿ ಮೊದಲಿಗ ಕರಾಚೂರಿ ನಂಜರಾಜ; ಆಮೇಲೆ ದಿವಾನ್ ಪೂರ್ಣಯ್ಯ. ಮುಂದಿನ ಮಹಾದ್ವಾರದ 120 ಅಡಿ ಎತ್ತರದ ಗೋಪುರವನ್ನು 1845ರಲ್ಲಿ ಎತ್ತಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ.

ಮುಮ್ಮಡಿಯವರ ಆಸಕ್ತಿಯನ್ನು ತಿಳಿಯಬೇಕಾದರೆ ಮಾತ್ರ ಗೋಪುರ ಬಿಟ್ಟು ಪ್ರಾಕಾರದೊಳಗೆ ನಿಧಾನವಾಗಿ ಸುತ್ತಬೇಕು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೆ ಅವರ ಕೈಯಲ್ಲಿ ಉಳಿದದ್ದು ಅರಮನೆ ಮತ್ತು ವಿದ್ಯೆ. ದೇವತಾ ರೂಪಗಳನ್ನೆಲ್ಲ ಚಿತ್ರಸಹಿತ ಒಂದೆಡೆ ಸೇರಿಸಿದ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥ ಅವರ ಹೆಸರಿನಲ್ಲಿದೆ. ಅದರಲ್ಲಿ ಬರುವ ಗಣಪತಿಯ 32 ರೂಪಗಳು ಕಲ್ಲಿನಲ್ಲಿ ಪೂರ್ತಿಯಾಗಿ ಕಾಣಸಿಗುವುದು ಎರಡು ಕಡೆ, ನಂಜನಗೂಡಿನಲ್ಲಿ ಮತ್ತು ಚಾಮರಾಜನಗರದಲ್ಲಿ; ಎರಡೂ ಅದೇ ದೊರೆಯ ಆಣತಿಯಂತೆ ಆದವು. ಪುಸ್ತಕದ ಹಾಳೆ ಕಲ್ಲಾಗಿ ಸಾಮಾನ್ಯ ಯಾತ್ರಿಕನ ಕಣ್ಣಿಗೆ ಬಿದ್ದದ್ದು ಸಣ್ಣ ಸಂಗತಿಯಲ್ಲ. ಅರವತ್ತಮೂರು ಪುರಾತನರ ಸಾಲು, ಶಿವನ ಲೀಲಾಮೂರ್ತಿಗಳು, ರಾಣಿಯರೊಂದಿಗೆ ಕೈಮುಗಿದು ನಿಂತ ಮುಮ್ಮಡಿಯವರ ಭಕ್ತವಿಗ್ರಹ ಇವೆಲ್ಲ ಇಲ್ಲಿವೆ. ದರ್ಶನದ ಸಾಲಿನಲ್ಲಿ ನಿಂತವರು ಸಾಮಾನ್ಯವಾಗಿ ಇವುಗಳತ್ತ ತಿರುಗುವುದಿಲ್ಲ. ಅರ್ಧ ಗಂಟೆ ಹೆಚ್ಚಿಟ್ಟುಕೊಂಡು ಬರುವವರಿಗೆ ಇಲ್ಲಿ 19ನೆಯ ಶತಮಾನದ ಮೈಸೂರಿನ ಮೂರ್ತಿಶಿಲ್ಪದ ಒಂದು ಸಂಗ್ರಹಾಲಯವೇ ತೆರೆದುಕೊಳ್ಳುತ್ತದೆ.

ನಂಜರಾಜನ ಹೆಸರು ಬಂದಾಗ ಕಳಲೆಯನ್ನು ನೆನೆಯಬೇಕು. ನಂಜನಗೂಡಿನಿಂದ ಕೂಗಳತೆಗಿಂತ ತುಸು ಹೆಚ್ಚು ದೂರದ ಈ ಹಳ್ಳಿ ಒಂದು ಕಾಲಕ್ಕೆ ಮೈಸೂರು ರಾಜ್ಯವನ್ನೇ ಆಡಿಸಿದ ದಳವಾಯಿಗಳ ಮನೆ. ಅಣ್ಣ ದೇವರಾಜಯ್ಯ ದಳವಾಯಿ, ತಮ್ಮ ನಂಜರಾಜಯ್ಯ ಸರ್ವಾಧಿಕಾರಿ. ಸಿಂಹಾಸನದ ಮೇಲೆ ಒಡೆಯರಿದ್ದರೂ ಖಜಾನೆ, ದಂಡು ಎರಡೂ ಈ ಸೋದರರ ಕೈಯಲ್ಲಿದ್ದವು. ತಮ್ಮ ಸ್ವತಃ ಕವಿ, ಕವಿಗಳ ಪೋಷಕ. ನೃಸಿಂಹ ಕವಿ ಅವನ ಹೆಸರಿನಲ್ಲೇ ನಂಜರಾಜ ಯಶೋಭೂಷಣ ಎಂಬ ಅಲಂಕಾರಗ್ರಂಥ ಬರೆದ. ಹೈದರಾಲಿಯ ಏಳಿಗೆಯೊಂದಿಗೆ ಕಳಲೆಯ ಕಾಲ ಮುಗಿಯಿತು. ಅವರ ವೈಭವಕ್ಕೆ ಉಳಿದ ಗುರುತು ಕಳಲೆಯ ಲಕ್ಷ್ಮೀಕಾಂತ ದೇವಾಲಯ, ನಂಜನಗೂಡಿನ ಗುಡಿಯ ವಿಸ್ತಾರ ಮತ್ತು ಒಂದು ಸೇತುವೆ.

ಆ ಸೇತುವೆ ಬೇರೆಯೇ ಕಥೆ. 1735ರಲ್ಲಿ ದಳವಾಯಿ ದೇವರಾಜಯ್ಯನ ಕಾಲದಲ್ಲಿ ಕಪಿಲೆಗೆ ಅಡ್ಡಲಾಗಿ ಕಲ್ಲಿನಲ್ಲಿ ಕಟ್ಟಿದ್ದು. ಅಂದಿನ ಬಳಕೆ ಯಾತ್ರಿಕರದ್ದು, ಎತ್ತಿನ ಬಂಡಿಗಳದ್ದು, ದಂಡಿನದ್ದು. 1891ರಲ್ಲಿ ಮೈಸೂರಿನಿಂದ ನಂಜನಗೂಡಿಗೆ ಮೀಟರ್ ಗೇಜ್ ರೈಲು ಬಂದಾಗ ಎಂಜಿನಿಯರುಗಳು ಹೊಸದೊಂದನ್ನು ಕಟ್ಟದೆ ಹಳೆಯ ಸೇತುವೆಯ ಮೇಲೆಯೇ ಹಳಿ ಹಾಸಿದರು. ಒಂದೂವರೆ ಶತಮಾನದಷ್ಟು ಹಿಂದೆ ಎತ್ತಿನ ಬಂಡಿಗೆಂದು ಕಟ್ಟಿದ ಕಮಾನುಗಳು ಉಗಿಬಂಡಿಯ ಭಾರವನ್ನೂ ಹೊತ್ತವು. 1926ರಲ್ಲಿ ಮಾರ್ಗ ಚಾಮರಾಜನಗರಕ್ಕೆ ಮುಂದುವರಿದಾಗಲೂ ಹೊತ್ತವು. ಹಳಿಯೂ ರಸ್ತೆಯೂ ಒಂದೇ ಸೇತುವೆಯ ಮೇಲೆ ಹಾದುಹೋಗುತ್ತಿದ್ದವು. ಬ್ರಾಡ್ ಗೇಜ್ ಬಂದಾಗ ಹೊಸ ಸೇತುವೆಯಾಯಿತು, ಹಳೆಯದು ವಿಶ್ರಾಂತಿ ಪಡೆಯಿತು. ದೇಶದ ಅತ್ಯಂತ ಹಳೆಯ ಸೇತುವೆಗಳಲ್ಲಿ ಒಂದೆಂದು ಇದನ್ನು ಪಾರಂಪರಿಕ ಸ್ಮಾರಕವಾಗಿ ಘೋಷಿಸಲಾಗಿದೆ. ಕಂಬಗಳ ಬುಡದಲ್ಲಿ ನೀರಿನ ಸೆಳೆತ ಕೇಳಿಸುತ್ತಾ ಕಲ್ಲಿನ ಬೆಸುಗೆಯನ್ನು ಹತ್ತಿರದಿಂದ ನೋಡಿದವರಿಗೆ, ಗುಡಿಯಷ್ಟೇ ಆದರ ಇದಕ್ಕೂ ಸಲ್ಲಬೇಕು ಅನ್ನಿಸದಿರದು.

ವರ್ಷಕ್ಕೆ ಎರಡು ಜಾತ್ರೆ. ಮಾರ್ಗಶಿರದ ಆಸುಪಾಸಿನದು ಚಿಕ್ಕ ಜಾತ್ರೆ, ಫಾಲ್ಗುಣದಲ್ಲಿ ದೊಡ್ಡ ಜಾತ್ರೆ. ದೊಡ್ಡದನ್ನು ಪಂಚಮಹಾರಥೋತ್ಸವ ಎನ್ನುವುದು ಐದು ತೇರುಗಳಿಂದ: ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ನಡುವಿನ ಶ್ರೀಕಂಠೇಶ್ವರನ ತೇರು ಗೌತಮ ರಥ. ಬೆಳಕು ಹರಿಯುವ ಹೊತ್ತಿಗೆ ಮಿಣಿಗೆ ಕೈ ಹಚ್ಚಿದ ಜನ ರಥಬೀದಿಯ ತುಂಬ ಅದನ್ನು ಎಳೆಯುತ್ತಾರೆ. ಚಕ್ರಕ್ಕೆ ಮರದ ಉಟ್ಟು ಕೊಡುವವರ ಕೂಗು, ತಮಟೆ, ನಗಾರಿ. ಹೊಸದಾಗಿ ಮದುವೆಯಾದ ಜೋಡಿಗಳು ಹಣ್ಣು ಜವನ ಎಸೆಯಲು ದೂರದ ಹಳ್ಳಿಗಳಿಂದ ಹಿಂದಿನ ರಾತ್ರಿಯೇ ಬಂದು ಛತ್ರಗಳಲ್ಲಿ ತಂಗಿರುತ್ತವೆ. ತೇರಾದ ಮೇಲೆ ಕಪಿಲೆಯಲ್ಲಿ ತೆಪ್ಪೋತ್ಸವ. ಇವಲ್ಲದೆ ಅಂಧಕಾಸುರ ಸಂಹಾರವೆಂಬ ಆಚರಣೆಯೂ ಇದೆ. ರಾಕ್ಷಸ ಮಂಟಪದ ಬಳಿ ನೆಲದ ಮೇಲೆ ರಂಗೋಲಿಯಲ್ಲಿ ಅಸುರನ ಚಿತ್ರ ಬರೆದು, ಉತ್ಸವಮೂರ್ತಿಯನ್ನು ಹೊತ್ತವರು ಅದನ್ನು ತುಳಿದು ಅಳಿಸುತ್ತಾರೆ. ಅಸುರನೆಂದು ಬರೆಯುತ್ತಿರುವುದು ಯಾರನ್ನು ಎಂಬ ಪ್ರಶ್ನೆಯನ್ನು ಈಚಿನ ವರ್ಷಗಳಲ್ಲಿ ಕೆಲವರು ಎತ್ತಿದ್ದಾರೆ. 2023ರಲ್ಲಿ ಅದು ರಥಬೀದಿಯಲ್ಲೇ ವಾಗ್ವಾದವಾಯಿತು.

ಗುಡಿಯ ಪುರಾಣದ ಜತೆಗೆ ಜನಪದರ ಪುರಾಣವೂ ಇದೆ, ಅದು ಹೆಚ್ಚು ಮನೆಯ ಮಾತಿನಂತಿದೆ. ಅದರ ಪ್ರಕಾರ ನಂಜುಂಡನ ಮಡದಿ ದೇವೀರಿ. ಬೆಟ್ಟದ ಚಾಮುಂಡಿಯೊಡನೆ ಅವನಿಗೆ ಪ್ರೀತಿ. ನಂಜನಗೂಡಿಗೂ ಚಾಮುಂಡಿ ಬೆಟ್ಟಕ್ಕೂ ನಡುವೆ ನಂಜುಂಡ ಓಡಾಡುವುದು, ದೇವೀರಿಯ ಮುನಿಸು, ಸವತಿಯರ ಜಗಳ, ಮತ್ತೆ ರಾಜಿ ಇದನ್ನೆಲ್ಲ ಈ ಭಾಗದ ಹಾಡುಗಾರರು ರಾತ್ರಿಗಟ್ಟಲೆ ಹಾಡಿದ್ದಾರೆ. ಲಕ್ಷಾಂತರ ಜನ ಕೈಮುಗಿಯುವ ದೇವದೇವಿಯರನ್ನು ತಮ್ಮ ಮನೆಯ ಅಳಿಯ, ಮಗಳು, ಸೊಸೆಯಂತೆ ಸಲುಗೆಯಿಂದ ಮಾತಾಡಿಸುವ ಈ ಕಥನಗಳಿಲ್ಲದೆ ನಂಜನಗೂಡಿನ ಚಿತ್ರ ಅರ್ಧವೇ ಆಗುತ್ತದೆ.

ಹೊಳೆದಂಡೆಯಲ್ಲಿ ಮಾಧ್ವ ಪರಂಪರೆಯ ರಾಘವೇಂದ್ರ ಸ್ವಾಮಿಗಳ ಮಠವಿದೆ. ಉಳಿದ ಕಡೆ ರಾಯರನ್ನು ಬೃಂದಾವನದಲ್ಲಿ ಪೂಜಿಸಿದರೆ ಇಲ್ಲಿ ವಿಗ್ರಹರೂಪದಲ್ಲಿ ಪೂಜಿಸುವುದು ವಿಶೇಷ. ಹೊಳೆಯ ಜಾಡು ಹಿಡಿದು ಕೆಳಗೆ ಹೋದರೆ ಸುತ್ತೂರು. ಅಲ್ಲಿನ ವೀರಶೈವ ಮಠ 20ನೆಯ ಶತಮಾನದಲ್ಲಿ ಮೈಸೂರಿನ ಶಾಲೆ, ಕಾಲೇಜು, ಆಸ್ಪತ್ರೆಗಳ ದೊಡ್ಡ ಜಾಲವನ್ನೇ ಕಟ್ಟಿತು. ತಾಲ್ಲೂಕಿನ ಹದಿನಾರು ಎಂಬ ಹಳ್ಳಿಯಿಂದಲೇ ಒಡೆಯರ ವಂಶದ ಕಥೆ ಶುರುವಾಗುವುದು. 1399ರಲ್ಲಿ ಯದುರಾಯ ಅಲ್ಲಿನ ರಾಜಕುಮಾರಿಯನ್ನು ಕಾಪಾಡಿ ಮದುವೆಯಾದನೆಂಬುದು ಅರಮನೆಯ ಪರಂಪರೆ. ಕನ್ನಡ ಸಾಹಿತ್ಯದಲ್ಲಿ ದಲಿತ ಲೋಕಕ್ಕೆ ಅದರದೇ ನುಡಿ ಕೊಟ್ಟ ದೇವನೂರ ಮಹಾದೇವ ಹುಟ್ಟಿದ ದೇವನೂರು ಕೂಡ ಇದೇ ತಾಲ್ಲೂಕಿನದು.

ಊರಿನ ಆಧುನಿಕ ಚರಿತ್ರೆಯಲ್ಲಿ 1913 ನೆನಪಿಡಬೇಕಾದ ವರ್ಷ. ಆ ವರ್ಷ ಎರಡು ಕೆಲಸಗಳು ಇಲ್ಲಿ ಶುರುವಾದವು. ಮೊದಲನೆಯದು ಬಿ.ವಿ. ಪಂಡಿತರ ಸದ್ವೈದ್ಯಶಾಲಾ. ಮೈಸೂರಿನಲ್ಲಿ 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಆಯುರ್ವೇದ ಕಾಲೇಜು ಆರಂಭವಾಗಿ ದೇಶೀ ವೈದ್ಯಕ್ಕೆ ಹೊಸ ಗೌರವ ಬಂದಿದ್ದ ಕಾಲವದು. ಪಂಡಿತರ ಔಷಧಶಾಲೆಯಿಂದ ಅರಿಷ್ಟ, ಲೇಹ್ಯ, ಚೂರ್ಣಗಳು ಹೊರಬಂದವು. ಆದರೆ ಮನೆಮಾತಾದದ್ದು ನಂಜನಗೂಡು ಹಲ್ಲುಪುಡಿ. ಬೇವಿನ ಕಡ್ಡಿ, ಇದ್ದಿಲು, ಬೂದಿಗಳಿಂದ ಹಲ್ಲುಜ್ಜುತ್ತಿದ್ದ ನಾಡಿಗೆ ಆ ಗುಲಾಬಿ ಬಣ್ಣದ ಪುಡಿ ಬೆಳಗಿನ ಗುರುತಾಯಿತು. ಅಂಗೈಗೆ ಸುರಿದುಕೊಂಡು ಬೆರಳಿನಿಂದ ತಿಕ್ಕಿದ ಆ ರುಚಿಯನ್ನು ಮೈಸೂರು, ಮಂಡ್ಯ, ಬೆಂಗಳೂರಿನ ಎರಡು ಮೂರು ತಲೆಮಾರು ಮರೆತಿಲ್ಲ. ದೇವರು ವೈದ್ಯನೆಂಬ ಖ್ಯಾತಿಯ ಊರಿನಿಂದ ಮದ್ದಿನ ಪೊಟ್ಟಣ ಬಂತೆಂದರೆ ಜನ ನಂಬುವುದು ಸುಲಭವಾಯಿತೆಂದು ಊಹಿಸಬಹುದು.

ಎರಡನೆಯದು ಒಬ್ಬ ಹೆಣ್ಣುಮಗಳ ಕೆಲಸ. 1887ರಲ್ಲಿ ಇಲ್ಲಿ ಹುಟ್ಟಿ, 14ನೆಯ ವಯಸ್ಸಿಗೆ ವಿಧವೆಯಾದ ತಿರುಮಲಾಂಬ ತಂದೆಯ ಬೆಂಬಲದಿಂದ ಮನೆಯೊಳಗೇ ಓದಿ ಬರೆದು, 1913ರಲ್ಲಿ ಸತೀಹಿತೈಷಿಣಿ ಗ್ರಂಥಮಾಲೆಯನ್ನು ಆರಂಭಿಸಿದರು. ಸುಶೀಲೆ ಅವರ ಮೊದಲ ಕಾದಂಬರಿ. ಮುಂದೆ ಕರ್ನಾಟಕ ನಂದಿನಿ ಎಂಬ ಪತ್ರಿಕೆಯನ್ನು ತಾವೇ ಸಂಪಾದಿಸಿದರು. ಹೊಸಗನ್ನಡದಲ್ಲಿ ಬರಹಗಾರ್ತಿ, ಪ್ರಕಾಶಕಿ, ಸಂಪಾದಕಿ ಮೂರೂ ಆಗಿದ್ದ ಮೊದಲಿಗರವರು. ಆಮೇಲೆ ಬರವಣಿಗೆ ನಿಂತಿತು, ಮದರಾಸಿಗೆ ಹೋದರು, ಕನ್ನಡ ಅವರನ್ನು ದಶಕಗಳ ಕಾಲ ಮರೆತೇಬಿಟ್ಟಿತು. 1982ರಲ್ಲಿ ತೀರಿಕೊಳ್ಳುವ ಮುನ್ನ ಕೆಲವು ಲೇಖಕಿಯರು ಅವರನ್ನು ಹುಡುಕಿ ಮಾತನಾಡಿಸಿದ್ದರಿಂದ ಆ ಚರಿತ್ರೆ ಉಳಿಯಿತು. ಇಂದು ಅವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಇದೆ. ಜಾತ್ರೆಗೆ ಬರುವ ಜನರಿಗೆ ಅವರ ಹೆಸರನ್ನು ಹೇಳುವ ಒಂದು ಹಲಗೆ ಕಣ್ಣಿಗೆ ಬೀಳುವಂತೆ ಊರಿನಲ್ಲಿದ್ದರೆ ಎಷ್ಟು ಚೆನ್ನ.

ಇನ್ನು ರಸಬಾಳೆ. ನಂಜನಗೂಡಿನ ಪಕ್ಕದ ದೇವರಸನಹಳ್ಳಿಯ ಕಪ್ಪುಮಣ್ಣಿನಲ್ಲಿ ಬೆಳೆದ ಈ ಹಣ್ಣಿಗೆ ಬರುವ ಪರಿಮಳ ಬೇರೆ ನೆಲದಲ್ಲಿ ಬರುವುದಿಲ್ಲವೆಂದು ಬೆಳೆದವರೂ ತಿಂದವರೂ ಹೇಳುತ್ತಾರೆ. ತೆಳು ಸಿಪ್ಪೆ, ಮೆತ್ತನೆ ತಿರುಳು, ಪಂಚಾಮೃತಕ್ಕೂ ರಸಾಯನಕ್ಕೂ ಹೇಳಿಮಾಡಿಸಿದ ಸಿಹಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆಗಳಂತೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆ ಬರುವ ಹೊತ್ತಿಗೆ ಪನಾಮ ಸೊರಗುರೋಗ ತೋಟಗಳನ್ನು ತಿಂದುಹಾಕಿತ್ತು. ಮಣ್ಣಿನಲ್ಲೇ ಅಡಗಿ ವರ್ಷಗಟ್ಟಲೆ ಬದುಕುವ ಶಿಲೀಂಧ್ರವದು; ಒಮ್ಮೆ ಬಂದ ಹೊಲದಲ್ಲಿ ಮತ್ತೆ ರಸಬಾಳೆ ನೆಡುವ ಧೈರ್ಯ ರೈತನಿಗೆ ಬರುವುದಿಲ್ಲ. ಅಂಗಾಂಶ ಕೃಷಿಯ ಸಸಿಗಳಿಂದ ಬೆಳೆಯನ್ನು ಮರಳಿ ತರುವ ಯತ್ನಗಳು ನಡೆದಿವೆ. ಈಗ ಪೇಟೆಯಲ್ಲಿ ನಿಜವಾದ ರಸಬಾಳೆಯ ಚಿಪ್ಪು ಸಿಕ್ಕರೆ ಅದೃಷ್ಟ.

ಹೊಳೆಯ ಆರೋಗ್ಯವನ್ನೂ ಹೇಳದೆ ಬಿಡುವಂತಿಲ್ಲ. 1980ರ ದಶಕದಿಂದೀಚೆಗೆ ನಂಜನಗೂಡಿನ ಸುತ್ತ ದೊಡ್ಡ ಕೈಗಾರಿಕಾ ಪ್ರದೇಶ ಬೆಳೆಯಿತು, ಊರು ಹಬ್ಬಿತು, ಚರಂಡಿಯ ನೀರು ಹೆಚ್ಚಿತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪಟ್ಟಿ ಮಾಡಿದ ದೇಶದ ಮಲಿನ ನದಿಪಾತ್ರಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಬಿನಿಯೂ ಸೇರಿತು. ಯಾವ ಸೋಪಾನದಲ್ಲಿ ಚರ್ಮರೋಗ ಕಳೆಯಲೆಂದು ಜನ ಮುಳುಗುತ್ತಾರೋ ಆ ನೀರು ಶುದ್ಧವಾಗಿರಬೇಕೆಂದು ಕೇಳುವುದು ಭಕ್ತಿಗೂ ಸಲ್ಲುವ ಮಾತು, ವಿಜ್ಞಾನಕ್ಕೂ ಸಲ್ಲುವ ಮಾತು. ಮೈಸೂರಿನವರಿಗೂ ಇದು ದೂರದ ವಿಷಯವಲ್ಲ: ನಗರದ ಒಂದು ಭಾಗಕ್ಕೆ ಕುಡಿಯುವ ನೀರು ಬರುವುದು ಇದೇ ತಾಲ್ಲೂಕಿನ ಬಿದರಗೂಡಿನಲ್ಲಿ ಎತ್ತುವ ಕಬಿನಿಯಿಂದ. ಹೊಳೆಯ ಆರೋಗ್ಯದಂತೆ ಊರಿನ ಆರೋಗ್ಯವೂ ಒಮ್ಮೆ ಕೆಟ್ಟಿತು: 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿ, ಊರಿನ ಹೆಸರು ರಾಜ್ಯದ ಸುದ್ದಿಯಲ್ಲಿ ದಿನವೂ ಕೇಳಿಬಂತು. ಗುಡಿಯ ಬಾಗಿಲು ಭಕ್ತರಿಗೆ ಮುಚ್ಚಿತು, ಸೋಪಾನ ಬರಿದಾಯಿತು. ಮೇ ಹೊತ್ತಿಗೆ ಸೋಂಕಿತರು ಗುಣಮುಖರಾದರು.

ಮಳೆಗಾಲದಲ್ಲಿ ಬಂದವರಿಗೆ ಬೇರೆಯೇ ನಂಜನಗೂಡು ಕಾಣುತ್ತದೆ. ವಯನಾಡಿನಲ್ಲಿ ಮಳೆ ಜೋರಾಯಿತೆಂದರೆ ಬೀಚನಹಳ್ಳಿಯ ಗೇಟು ತೆರೆಯುತ್ತಾರೆ, ಮರುದಿನದೊಳಗೆ ಕಪಿಲೆ ಕೆಂಪಗೆ ತುಂಬಿ ಬರುತ್ತದೆ. ಹೊಳೆಯ ಅಂಚಿನ ಹದಿನಾರು ಕಾಲು ಮಂಟಪವೇ ಊರಿನವರ ಅಳತೆಗೋಲು: ನೀರು ಮಂಟಪದ ಮೆಟ್ಟಿಲಿಗೆ ಬಂತೇ, ಕಂಬದ ನಡುವಿಗೆ ಬಂತೇ, ಸೂರು ಮುಳುಗಿತೇ ಎಂದೇ ಕೇಳುತ್ತಾರೆ. 2018ರ ಮತ್ತು 2019ರ ಆಗಸ್ಟ್‌ಗಳಲ್ಲಿ ಮಂಟಪ ಮುಳುಗಿತು. ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಮೈಸೂರಿನ ದಾರಿ ಕಡಿಯಿತು. ತಗ್ಗಿನ ಬೀದಿಗಳ ಜನ ಗಂಜಿಕೇಂದ್ರಗಳಿಗೆ ಹೋದರು. ನೀರು ಇಳಿದಾಗ ಸೋಪಾನದ ತುಂಬ ವಯನಾಡಿನಿಂದ ಬಂದ ಮಣ್ಣು ಗೇಣುದ್ದ ಕೂತಿರುತ್ತದೆ. ಅದನ್ನು ಸಲಿಕೆಯಲ್ಲಿ ಎಳೆದು ಮೆಟ್ಟಿಲು ತೊಳೆಯುವ ಹೊತ್ತಿಗೆ, ಮುಡಿ ಕೊಡಲು ಬಂದವರು ಮೇಲಿನ ಕಟ್ಟೆಯಲ್ಲಿ ಬಟ್ಟೆಗಂಟು ಇಟ್ಟುಕೊಂಡು ಕಾಯುತ್ತಿರುತ್ತಾರೆ.